ಹಾಲಮ್ಮನ ಎಡೆಗೆ ಏನಿಡುವುದು

ದುರ್ಗದ ಜೋಗಿಮಟ್ಟಿ ರಸ್ತೆಯ ಆ ಮನೆಯಲ್ಲಿ ಹಿರಿಯರ ಹಬ್ಬಕ್ಕೊಂದು ಕಟ್ಟುನಿಟ್ಟಿನ ಕ್ರಮವಿತ್ತು. ಮಹಾಲಯ ಅಮಾವಾಸ್ಯೆಯ ದಿನ ಹೋಳಿಗೆ, ಗೋಧಿ ಹುಗ್ಗಿ, ಪಲ್ಯ, ಕೋಸಂಬರಿ ಎಲ್ಲ ಹಿರಿಯರಿಗೂ ಸಮಸಮ. ಅದರ ಜೊತೆಗೆ ಒಬ್ಬೊಬ್ಬರ ಎಲೆಗೂ ಅವರು ಬದುಕಿದ್ದಾಗ ಆಸೆಪಟ್ಟು ತಿನ್ನುತ್ತಿದ್ದ ಒಂದು ಪದಾರ್ಥ ಬೀಳಲೇಬೇಕು. ಮನೆಯ ಯಜಮಾನ ಕೊಟ್ರೇಶನ ಅಪ್ಪನಿಗೆ ಖಾರಾಬೂಂದಿ, ಪಕ್ಕದಲ್ಲೊಂದು ಕಟ್ಟು ಬೀಡಿ. ತಾತನಿಗೆ ನಶ್ಯದ ಡಬ್ಬಿ. ಚಿಕ್ಕಪ್ಪನೊಬ್ಬ ಚಹಾದ ಹುಚ್ಚ. ಅವನಿಗೆ ಮನೆಯ ಚಹಾ ನಡೆಯದು, ಹೋಟೆಲಿನಿಂದ ಪಾರ್ಸೆಲ್ ತರಿಸಿ ಗಾಜಿನ ಲೋಟಕ್ಕೆ ಬಗ್ಗಿಸಿ ಇಡಬೇಕು. ಸತ್ತ ಮೇಲೂ ಇವನಿಗೆ ಹೋಟೆಲಿನ ಚಟ ಹೋಗಲಿಲ್ಲ ಎಂದು ಪ್ರತಿವರ್ಷ ಯಾರಾದರೊಬ್ಬರು ಅನ್ನುವುದು, ಪ್ರತಿವರ್ಷವೂ ಎಲ್ಲರೂ ಹೊಸದಾಗಿ ಕೇಳಿದವರಂತೆ ನಗುವುದು.

ಸಾಲಿನ ಕೊನೆಯ ಎಲೆ ಪುಟ್ಟಜ್ಜಿಯದು. ಪುಟ್ಟಜ್ಜಿ ತಾತನ ಅಕ್ಕನೋ ತಂಗಿಯೋ ಎಂಬುದೇ ಈಗ ಯಾರಿಗೂ ಸರಿಯಾಗಿ ತಿಳಿಯದು. ಅವಳಿಗೆ ಏನಿಷ್ಟವಿತ್ತು ಎಂದು ಬಲ್ಲವರಂತೂ ಒಬ್ಬರೂ ಉಳಿದಿರಲಿಲ್ಲ. ಹಾಗಾಗಿ ಅವಳಿಗೆ ಒಂದು ಬಾಳೆಹಣ್ಣು. ಕೊಟ್ರೇಶನ ತಾಯಿ ಹಾಲಮ್ಮ ಇದ್ದಷ್ಟು ಕಾಲ ಎಲೆಗಳ ಉಸ್ತುವಾರಿಯೆಲ್ಲ ಅವಳದೇ. ಬೀಡಿ ಇಡುವಾಗ ಬೈದುಕೊಂಡು, ಚಹಾ ಇಡುವಾಗ ನಕ್ಕು, ಪುಟ್ಟಜ್ಜಿಯ ಎಲೆಯ ಮುಂದೆ ಬಂದಾಗ ಮಾತ್ರ ಅವಳು ದನಿ ಇಳಿಸುತ್ತಿದ್ದಳು. “ಪಾಪ, ಇವಳೂ ಏನಾರ ಆಸೆಪಟ್ಟಿರ್ತಾಳೆ. ಕೇಳೋರು ಇರಲಿಲ್ಲ,” ಎಂದು ಬಾಳೆಹಣ್ಣನ್ನು ಎಲೆಯ ತುದಿಗೆ ಇಡುತ್ತಿದ್ದಳು.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಹಾಲಮ್ಮನೂ ಹೋದಳು. ನರಳಲಿಲ್ಲ, ಯಾರಿಂದಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ತುಂಬಿದ ವಯಸ್ಸು. ಎಲ್ಲರೂ ಪುಣ್ಯವಂತೆ ಅಂದರು. ಈಗ ಹಬ್ಬ ಹತ್ತಿರ ಬಂದಿತ್ತು, ಸಾಲಿನಲ್ಲಿ ಅವಳದೂ ಒಂದು ಎಲೆ. ಸೊಸೆ ನೇತ್ರಾವತಿ ಒಂದು ಬೆಳಿಗ್ಗೆ ಹುಗ್ಗಿಯ ಗೋಧಿ ಆರಿಸುತ್ತ ಕೂತಿದ್ದವಳು, ಅತ್ತೆಯ ಎಲೆಗೆ ಏನಿಡುವುದು ಎಂದು ತನ್ನನ್ನೇ ಕೇಳಿಕೊಂಡಳು. ಕೈ ಮೊರದಲ್ಲೇ ನಿಂತುಬಿಟ್ಟಿತು.

ಗೊತ್ತಿಲ್ಲ! ಕಾಲು ಶತಮಾನ ಒಂದೇ ಒಲೆಯ ಮುಂದೆ ಹೆಗಲಿಗೆ ಹೆಗಲು ತಾಗಿಸಿ ನಿಂತವಳಿಗೆ ಅತ್ತೆಗೆ ಏನಿಷ್ಟ ಎಂಬುದು ಗೊತ್ತಿಲ್ಲ. ಏನಾಗದು ಎಂಬುದಾದರೆ ಬೇಕಾದಷ್ಟು ಗೊತ್ತಿತ್ತು. ಹಾಗಲಕಾಯಿ ಆಗದು, ಮಧ್ಯಾಹ್ನ ಮಲಗುವವರನ್ನು ಕಂಡರೆ ಆಗದು, ಟೀವಿಯಲ್ಲಿ ಸೊಸೆಯಂದಿರು ಅಳುವುದಂತೂ ಸುತರಾಂ ಆಗದು. ಆದರೆ ಎಲೆಯ ಮೇಲೆ ಆಗದಿರುವುದನ್ನು ಇಡುವಂತಿಲ್ಲವಲ್ಲ. ಹಾಗಾದರೆ ಅತ್ತೆಗೂ ಬಾಳೆಹಣ್ಣೇ? ಆ ಯೋಚನೆ ಬಂದದ್ದೇ ನೇತ್ರಾವತಿ ಮೊರ ಬದಿಗಿಟ್ಟು ಎದ್ದಳು.

ಕೊಟ್ರೇಶ ಲಕ್ಷ್ಮಿ ಬಜಾರಿನಲ್ಲಿ ಪಾತ್ರೆ ಅಂಗಡಿ ಇಟ್ಟವನು. ಅಂಗಡಿಗೆ ಹೊರಡುವ ಹೊತ್ತು, ಕಾಫಿ ಕುಡಿಯುತ್ತಿದ್ದ. ಪ್ರಶ್ನೆ ಕೇಳಿ ಒಂದು ಕ್ಷಣವೂ ಯೋಚಿಸಲಿಲ್ಲ.

“ಹೋಳಿಗೆ. ಅವ್ವಂಗೆ ಹೋಳಿಗೆ ಅಂದ್ರೆ ಪ್ರಾಣ.”

“ಪ್ರಾಣ ನಿಮಗೆ ಕಣ್ರೀ. ಅತ್ತೆ ಅರ್ಧ ಮುರಿದು ಬಾಯಿಗಿಟ್ಟು ಇನ್ನರ್ಧ ನಿಮ್ಮ ತಟ್ಟೆಗೆ ಹಾಕೋರು.”

“ಹೌದಾ?”

“ಹೌದಾ ಅಂತ ನನ್ನ ಕೇಳ್ತೀರಲ್ಲ, ತಿಂದೋರು ನೀವಲ್ವಾ?”

ಬಿ.ಎಡ್ ಓದುವ ಮಗಳು ಪಲ್ಲವಿ ಕೋಣೆಯಿಂದಲೇ ಕೂಗಿದಳು. “ಅಜ್ಜಿಗೆ ಐಸ್‌ಕ್ರೀಂ ಇಷ್ಟ ಅಮ್ಮ! ನಾನು ಕೊಡಿಸ್ದಾಗೆಲ್ಲ ಕಣ್ಣು ಮುಚ್ಕಂಡು ‘ಆಹಾ’ ಅನ್ನೋಳು.”

“ಹಲ್ಲು ಜುಮ್ ಅಂದದ್ದಕ್ಕೆ ಅಂದಿರ್ತಾರೆ, ಸುಮ್ನಿರೇ,” ಎಂದಳು ನೇತ್ರಾವತಿ.

ಹೊಳಲ್ಕೆರೆಯಲ್ಲಿರುವ ನಾದಿನಿ ಅನುಸೂಯಳಿಗೆ ಫೋನು ಮಾಡಿದಳು. ಅನುಸೂಯ ಹಾಲಮ್ಮನ ಹಿರಿಯ ಮಗಳು, ತಾಯಿಯ ವಿಷಯದಲ್ಲಿ ತನ್ನ ಮಾತೇ ಕಡೆಯ ಮಾತು ಎಂದು ತಿಳಿದವಳು. “ಕರಿಗಡುಬು ಇಡಾಣ ಬಿಡೇ. ನನ್ನ ಕೈ ಕರಿಗಡುಬು ತಿಂದು ಅವ್ವ ಏನಂದ್ಲು ಗೊತ್ತಾ ನಿಂಗೆ?”

“ಏನಂದ್ರು ಅಕ್ಕ?”

“...‘ಮಕ್ಕಳಿಗೆ ತೆಗೆದಿಡು’ ಅಂದ್ಲು,” ಎಂದಳು ಅನುಸೂಯ, ಸಣ್ಣ ದನಿಯಲ್ಲಿ.

ಒಬ್ಬೊಬ್ಬರೂ ತಮಗೆ ಇಷ್ಟವಾದದ್ದನ್ನೇ ಹಾಲಮ್ಮನ ಹೆಸರಿಗೆ ಬರೆಯುತ್ತಿದ್ದರು. ಅದರಲ್ಲಿ ಅವರ ತಪ್ಪೂ ಇರಲಿಲ್ಲ. ಎಲ್ಲರದೂ ಊಟವಾಗಿ ಎಲೆ ಎತ್ತಿದ ಮೇಲೆಯೇ ಹಾಲಮ್ಮ ಉಣ್ಣುತ್ತಿದ್ದದ್ದು. ಅವಳು ಉಣ್ಣುವುದನ್ನು ಕಣ್ಣಿಟ್ಟು ನೋಡಿದವರು ಯಾರು?

ನೇತ್ರಾವತಿಯ ಕಣ್ಣ ಮುಂದೆ ಇದ್ದದ್ದು ಒಂದೇ ಚಿತ್ರ, ಅದೂ ಸಂತೋಷದ್ದಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಮನೆಯಲ್ಲಿ ಸೌದೆ ಒಲೆ, ದೊಡ್ಡ ಹಿತ್ತಾಳೆ ತಪ್ಪಲೆ. ಹಬ್ಬದ ದಿನ ಹುಗ್ಗಿ ತಳ ಹಿಡಿಯದೆ ಇರುತ್ತಿರಲಿಲ್ಲ. ಎಲ್ಲರ ಊಟ ಮುಗಿದ ಮೇಲೆ ಹಾಲಮ್ಮ ತಪ್ಪಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿತ್ತಿಲ ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದಳು. ಈ ಕಡೆಗೆ ಅವಳ ಬೆನ್ನು ಮಾತ್ರ. ಕೆರ ಕೆರ ಎಂದು ಸದ್ದು. ತಳ ಹಿಡಿದ ಸೀಕನ್ನು ಕೆರೆದು ಕೆರೆದು ತಿನ್ನುತ್ತಿದ್ದಳು. ಮನೆ ಮಂದಿಗೆಲ್ಲ ಒಳ್ಳೆಯದನ್ನು ಬಡಿಸಿ ತಾನು ಸೀದದ್ದನ್ನು ತಿನ್ನುವ ಆ ಬೆನ್ನನ್ನು ನೋಡಿದಾಗಲೆಲ್ಲ ನೇತ್ರಾವತಿ ಸೆರಗಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. “ಬಿಡ್ರಿ ಅತ್ತೆ, ನಿಮಗೂ ಒಳ್ಳೇದು ತೆಗೆದಿಟ್ಟೀನಿ,” ಎಂದರೆ, “ಹೊಟ್ಟೆ ತುಂಬೈತವ್ವ, ಇದು ಸುಮ್ನೆ,” ಎನ್ನುತ್ತಿದ್ದಳು ಹಾಲಮ್ಮ, ತಿರುಗಿಯೂ ನೋಡದೆ.

ಕೊನೆಗೊಂದು ಯುಗಾದಿಗೆ ನೇತ್ರಾವತಿ ಗಂಡನ ಬೆನ್ನು ಬಿದ್ದು ಅಂಗಡಿಯಿಂದ ಒಂದು ದೊಡ್ಡ ನಾನ್‌ಸ್ಟಿಕ್ ಪಾತ್ರೆ ತರಿಸಿದಳು. ಕೊಟ್ರೇಶ ಅದನ್ನು ಗಿರಾಕಿಗಳ ಮುಂದೆ ಹಿಡಿಯುವಂತೆಯೇ ತಾಯಿಯ ಮುಂದೆ ಹಿಡಿದು, “ನೋಡವ್ವ, ತಳ ಹಿಡಿಯಲ್ಲ. ಹಿಡಿಸ್ತೀನಿ ಅಂದ್ರೂ ಹಿಡಿಯಲ್ಲ!” ಎಂದಿದ್ದ. ಹಾಲಮ್ಮ ಪಾತ್ರೆಯೊಳಗೆ ಬಗ್ಗಿ ನೋಡಿದ್ದಳು. “ಒಳ್ಳೆ ಕನ್ನಡಿ ಇದ್ದಂಗೈತೆ ಬಿಡವ್ವ. ನಿನ್ನ ಕೈಗೆ ಉಜ್ಜೋ ಕೆಲಸ ಕಮ್ಮಿ ಆತು,” ಎಂದಿದ್ದಳು. ಅಂದಿನಿಂದ ಹಿತ್ತಿಲ ಬಾಗಿಲಲ್ಲಿ ಕೂರುವುದು ನಿಂತಿತು. ಜನ್ಮದಲ್ಲಿ ತಾನು ಮಾಡಿದ ಒಂದು ಪುಣ್ಯದ ಕೆಲಸವೆಂದರೆ ಇದೇ ಎಂದು ನೇತ್ರಾವತಿ ನಂಬಿದ್ದಳು. ತವರಿನವರಿಗೂ ಹೇಳಿಕೊಂಡಿದ್ದಳು.

ಇನ್ನು ಕೇಳಲು ಉಳಿದವನು ಒಬ್ಬನೇ, ಹಾಲಮ್ಮನ ಅಣ್ಣ ಮರುಳಪ್ಪ. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಮಗನ ಮನೆಯಲ್ಲಿ ಇದ್ದ. ಎಂಬತ್ತು ದಾಟಿದರೂ ಕಿವಿ ಚುರುಕು, ನಾಲಿಗೆ ಇನ್ನೂ ಚುರುಕು. ಫೋನಿನಲ್ಲಿ ಮಾತ್ರ ‘ಹಲೋ’ದಿಂದ ಮುಂದಕ್ಕೆ ಹೋಗುವವನಲ್ಲ. ಹೋಗಿಯೇ ಕೇಳುವುದೆಂದು ನೇತ್ರಾವತಿ ಹೊರಟಳು.

ಹೊರಡುವಾಗ ಕೊಟ್ರೇಶ ಸ್ನಾನ ಮಾಡಿ, ದೇವರ ಜಗಲಿಯಿಂದ ಒಂದು ಪುಟ್ಟ ಗಂಟನ್ನು ಎರಡೂ ಕೈಯಲ್ಲಿ ಎತ್ತಿ ತಂದು ಕೊಟ್ಟ. ಅದರೊಳಗೆ ಇದ್ದದ್ದು ಒಂದು ಕಪ್ಪೆಚಿಪ್ಪು. ಅಂಗೈಯಗಲ, ಒಂದು ಬದಿ ಸವೆದು ಕೂದಲೆಳೆಯಷ್ಟು ತೆಳ್ಳಗಾಗಿತ್ತು. ಹಾಲಮ್ಮ ಹೋದ ಮೇಲೆ ಅವಳ ಎಲೆಅಡಿಕೆ ಚೀಲದ ಒಳಪದರದಲ್ಲಿ, ರೇಷ್ಮೆ ಬಟ್ಟೆಯ ತುಂಡಿನಲ್ಲಿ ಸುತ್ತಿಟ್ಟದ್ದು ಸಿಕ್ಕಿತ್ತು. ಹಾಲುರಾಮೇಶ್ವರದ ಕೊಳದ ಮುಂದೆ ಕೂತು ಬೇಡಿಕೊಂಡರೆ ಗಂಗಮ್ಮ ಏನಾದರೊಂದನ್ನು ಪ್ರಸಾದವಾಗಿ ಮೇಲಕ್ಕೆ ಕಳಿಸುತ್ತಾಳೆ ಎಂಬುದು ಆ ಸೀಮೆಯವರ ನಂಬಿಕೆ. ಹಾಲಮ್ಮನ ತವರೂ ಅದೇ ಊರು. ಅಂದ ಮೇಲೆ ಚಿಪ್ಪು ಎಲ್ಲಿಂದ ಬಂತು ಎಂದು ಬೇರೆ ಯೋಚಿಸುವುದೇನಿತ್ತು? ಕೊಟ್ರೇಶ ಅದನ್ನು ಅಂದೇ ಜಗಲಿಯ ಮೇಲೆ ಲಿಂಗದ ಪಕ್ಕದಲ್ಲಿಟ್ಟ. ದಿನಾ ವಿಭೂತಿ, ಕುಂಕುಮ, ಒಂದು ದಾಸವಾಳದ ಹೂವು.

“ಹೆಂಗೂ ಹೋಗ್ತಿದೀಯ, ಕೊಳದ ನೀರು ಮುಟ್ಟಿಸ್ಕಂಡು ಬಾ. ಗಂಗಮ್ಮ ಇದನ್ನ ಯಾವ ವರ್ಷ ಕೊಟ್ಲು ಅಂತ ಮಾವನ್ನ ಕೇಳು,” ಎಂದ.

ನೇತ್ರಾವತಿ ಆಧಾರ್ ಕಾರ್ಡ್ ತೋರಿಸಿ ಬಸ್ಸು ಹತ್ತಿ, ಕಿಟಕಿಯ ಪಕ್ಕ ಸೀಟು ಹಿಡಿದು, ಚಿಪ್ಪಿನ ಗಂಟನ್ನು ಮಡಿಲಲ್ಲಿ ಭದ್ರವಾಗಿ ಇಟ್ಟುಕೊಂಡಳು. ಹೊಳಲ್ಕೆರೆ ದಾಟುವವರೆಗೂ ಮೆಕ್ಕೆಜೋಳದ ಹೊಲಗಳು, ಗುಡ್ಡದ ಮೇಲೆ ಗಾಳಿಯಂತ್ರಗಳು. ಹೊಸದುರ್ಗದಲ್ಲಿ ಇಳಿದು ಆಟೋ ಹಿಡಿದಳು. ಹಾಲುರಾಮೇಶ್ವರಕ್ಕೆ ಬಂದು ದೇವರಿಗೆ ಕೈ ಮುಗಿದು, ಕೊಳದ ನೀರನ್ನು ಚಿಪ್ಪಿಗೆ ಮುಟ್ಟಿಸಿದಳು. ಪಕ್ಕದಲ್ಲಿ ನಿಂತಿದ್ದ ಹಿರಿಯೂರಿನ ಹೆಂಗಸೊಬ್ಬಳು, “ಇದು ಇಲ್ಲಿ ಬಂದದ್ದೇನ್ರಿ?” ಎಂದು ಕೇಳಿ, “ಹೌದಂತೆ, ನಮ್ಮತ್ತೆಗೆ,” ಎಂಬ ಉತ್ತರ ಬಂದದ್ದೇ ತಡ, ಚಿಪ್ಪನ್ನು ಕಣ್ಣಿಗೆ ಒತ್ತಿಕೊಂಡು ಅದರ ಮೇಲಿನ ಕುಂಕುಮವನ್ನು ತಾಳಿಗೆ ಹಚ್ಚಿಕೊಂಡಳು.

ಮರುಳಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತ ಕೂತಿದ್ದ. “ಬಾರವ್ವ ನೇತ್ರಾ, ಕುಂತ್ಕ. ನಿಮ್ಮತ್ತೆ ಇಲ್ಲದ ಮ್ಯಾಲೆ ದುರ್ಗದೋರಿಗೆ ನಮ್ಮ ನೆಪ್ಪೇ ಹೋತು ಅಂದ್ಕಂಡಿದ್ದೆ,” ಎಂದ. ನೀರು, ಬೆಲ್ಲ, ಕ್ಷೇಮಸಮಾಚಾರ ಎಲ್ಲ ಆದ ಮೇಲೆ ನೇತ್ರಾವತಿ ರೇಷ್ಮೆ ಬಟ್ಟೆ ಬಿಚ್ಚಿ, ವಿಭೂತಿ ಕುಂಕುಮ ಬಳಿದುಕೊಂಡು ಕೂತಿದ್ದ ಚಿಪ್ಪನ್ನು ಅವನ ಮುಂದೆ ಹಿಡಿದಳು.

“ಮಾವ, ಗಂಗಮ್ಮ ಇದನ್ನ ಅತ್ತೆಗೆ ಯಾವ ವರ್ಷ ಕೊಟ್ಲು? ನಿಮಗೆ ನೆನಪೈತಾ?”

ಮರುಳಪ್ಪ ಚಿಪ್ಪನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದ. ಹೆಬ್ಬೆರಳಿನಿಂದ ಸವೆದ ಅಂಚನ್ನು ಸವರಿದ. ಆಮೇಲೆ ನಗಲು ಶುರುಮಾಡಿದವನು ಕೆಮ್ಮು ಹತ್ತಿ, ಕಣ್ಣಲ್ಲಿ ನೀರು ಬಂದು, ಅವನ ಸೊಸೆ ಒಳಗಿನಿಂದ ಓಡಿ ಬಂದು ಬೆನ್ನು ಸವರುವವರೆಗೂ ನಿಲ್ಲಿಸಲಿಲ್ಲ.

“ಲೇ ಹಾಲಿ! ಸಾಯಾಗಂಟ ಇದನ್ನ ಇಟ್ಕಂಡಿದ್ದೆಯೇನೇ!” ಎಂದು ಚಿಪ್ಪನ್ನೇ ಮಾತಾಡಿಸಿದ. ಆಮೇಲೆ ನೇತ್ರಾವತಿಯ ಕಡೆ ತಿರುಗಿದ. “ಗಂಗಮ್ಮನೂ ಅಲ್ಲ, ಯಾರೂ ಅಲ್ಲ ತಾಯಿ. ವೇದಾವತಿ ಹೊಳೇಲಿ ನಾನೇ ಹೆಕ್ಕಿ ಕೊಟ್ಟದ್ದು. ಪಾತ್ರೆ ತಳ ಕೆರೆಯೋಕೆ.”

“ಪಾತ್ರೆ ತಳ?”

“ಈ ಹುಬ್ಬಿನ ಮ್ಯಾಲೆ ಗಾಯದ ಗುರುತು ಐತಲ್ಲ, ನೋಡಿಲ್ಲಿ. ಇದು ನಿಮ್ಮತ್ತೇದೇ ಕೆಲಸ. ಹುಗ್ಗಿ ಮಾಡಿದ ದಿನ ತಳದ ಸೀಕಿಗೆ ನಮ್ಮಿಬ್ಬರಿಗೂ ಜಗಳ. ಕಬ್ಬಿಣದ ಸಟ್ಟುಗದಾಗೆ ಬಿಟ್ಲು ನೋಡು! ಇನ್ನೊಂದ್ ಸರ್ತಿ ಸಟ್ಟುಗ ಎತ್ತಿದ್ರೆ ನನ್ನ ಕಣ್ಣೇ ಹೋಗ್ತೈತೆ ಅಂತ ಈ ಚಿಪ್ಪು ತಂದು ಕೊಟ್ಟೆ. ಸೀಕು ಅಂದ್ರೆ ಅವಳಿಗೆ ಜೀವ ಕಣವ್ವ. ಹೋಳಿಗೆ ಕೊಟ್ರೂ ಬ್ಯಾಡ, ಹುಗ್ಗಿ ಕೊಟ್ರೂ ಬ್ಯಾಡ, ತಳ ಕೊಡ್ರಿ ಅನ್ನೋಳು. ತಳ ಕೆರೆದು ತಿಂದ್ರೆ ಮದುವೆ ದಿನ ಮಳೆ ಬರ್ತೈತೆ ಅಂತ ನಮ್ಮವ್ವ ಬೈಯೋಳು. ಬಂದೇ ಬಿಡ್ತು ಮಳೆ! ಚಪ್ಪರ ಹರಿದು, ಬೀಗರ ಪಂಚೆ ಎಲ್ಲ ಕೆಸರು. ನಿಮ್ಮ ಮನೇರು ಮುಖ ಊದಿಸ್ಕಂಡು ಕುಂತಿದ್ರು. ನಮ್ಮೂರಾಗೆ ಎರಡು ವರ್ಷದಿಂದ ಮಳೆ ಇರಲಿಲ್ಲ, ಊರೋರು ಮದುಮಗಳ ಕಾಲಿಗೆ ಬೀಳೋದೊಂದು ಬಾಕಿ. ಅವತ್ತಿಂದ ಗಂಡನ ಮನೇಲಿ ಯಾರಿಗೂ ಗೊತ್ತಾಗಬಾರದು ಅಂತ ಕದ್ದು ಕೆರೆಯೋಳು.”

ನೇತ್ರಾವತಿಯೂ ನಕ್ಕಳು. ಗಂಡ ದಿನಾ ಬೆಳಿಗ್ಗೆ ಆ ಚಿಪ್ಪಿಗೆ ಅಡ್ಡಬೀಳುವುದು ನೆನಪಾಗಿ ಇನ್ನೂ ಜೋರಾಗಿ ನಕ್ಕಳು. ಆಮೇಲೆ ಆ ಬೆನ್ನು ನೆನಪಾಯಿತು, ಹಿತ್ತಿಲ ಬಾಗಿಲು ನೆನಪಾಯಿತು, ಕನ್ನಡಿಯಂಥ ಪಾತ್ರೆ ನೆನಪಾಯಿತು. ನಗು ಅಲ್ಲಿಗೇ ನಿಂತಿತು.

“ನಾನೇ ತಪ್ಪಿಸ್ದೆ ಮಾವ,” ಎಂದಳು. “ಪಾಪ, ಸೀದದ್ದು ತಿಂತಾರಲ್ಲ ಅಂತ ಹೊಸ ಪಾತ್ರೆ ತರಿಸ್ದೆ. ಅವರಿಗೆ ಇದ್ದ ಒಂದು ಆಸೇನ ನಾನೇ ಕಿತ್ಕಂಡೆ.” ಸೆರಗಿನಿಂದ ಕಣ್ಣೊರೆಸಿಕೊಂಡಷ್ಟೂ ನೀರು ಬಂತು.

“ಏ, ಅಳಬ್ಯಾಡ. ನನ್ನ ತಂಗಿ ಅಷ್ಟಕ್ಕೆಲ್ಲ ಸೋಲೋಳಲ್ಲ,” ಎಂದ ಮರುಳಪ್ಪ. “ನಿಮ್ಮನೆಗೆ ಆ ಕರೇ ಪಾತ್ರೆ ಬಂದ ಮ್ಯಾಲೆ ಅವಳು ಮ್ಯಾಲಿಂದ ಮ್ಯಾಲೆ ಇಲ್ಲಿಗೆ ಬರೋಕೆ ಶುರುಮಾಡಿದ್ಲಲ್ಲ, ಯಾಕೆ ಅಂದ್ಕಂಡಿದ್ದೆ?”

“ಸೋಮವಾರದ ಪೂಜೆಗೆ ಅಂತಿದ್ರು. ವಯಸ್ಸಾದಂಗೆ ಅತ್ತೆಗೆ ಭಕ್ತಿ ಜಾಸ್ತಿ ಆಯ್ತು ಅಂದ್ಕಂಡಿದ್ವಿ.”

“ಭಕ್ತಿನೂ ಇತ್ತು, ಸುಳ್ಳು ಹೇಳಬಾರದು. ರಾಮೇಶ್ವರಂಗೆ ಕೈ ಮುಗಿದು ಸೀದಾ ನಮ್ಮ ಅಡುಗೆಮನೆಗೆ ಬರೋಳು. ಚೀಲದಿಂದ ಚಿಪ್ಪು ತೆಗೆಯೋಳು.”

“ನನ್ನ ಬೈತಿದ್ರಾ?”

“ಬೈಯೋದಾ? ನಾನೇ ಹೇಳ್ದೆ, ಹಳೇ ಪಾತ್ರೇಲಿ ಮಾಡು ಅಂತ ಸೊಸೆಗೆ ಹೇಳಬಾರದೇನೇ ಅಂತ. ‘ನಾನು ಸೀದದ್ದು ತಿನ್ನೋದು ನೋಡಿ ಕಣ್ಣಾಗೆ ನೀರು ತಂದ್ಕಂತಾಳೆ ಕಣೋ ಅಣ್ಣ, ನನ್ನ ಸಲುವಾಗಿ ಅಷ್ಟು ಮಾಡ್ಯಾಳೆ, ಬ್ಯಾಡ ಅಂತ ಹೆಂಗನ್ನಲಿ’ ಅಂದ್ಲು.”

ನೇತ್ರಾವತಿ ಅವನ ಕೈಯಿಂದ ಚಿಪ್ಪನ್ನು ತೆಗೆದುಕೊಂಡು ರೇಷ್ಮೆ ಬಟ್ಟೆಯಲ್ಲಿ ಸುತ್ತಿದಳು. ಅತ್ತೆ ತಿರುಗಿ ನೋಡುತ್ತಿರಲಿಲ್ಲ ಎಂದುಕೊಂಡಿದ್ದಳು. ಆದರೆ ತನ್ನ ಕಣ್ಣಿನ ನೀರನ್ನು ಅತ್ತೆ ನೋಡಿದ್ದಳು.

ಅನುಸೂಯ ಹಬ್ಬದ ಹಿಂದಿನ ದಿನವೇ ಹೊಳಲ್ಕೆರೆಯಿಂದ ಕರಿಗಡುಬಿನ ಡಬ್ಬಿ ಹಿಡಿದು ಬಂದಳು. ನೇತ್ರಾವತಿ ಎಲ್ಲರನ್ನೂ ಕೂರಿಸಿ ನಡೆದದ್ದನ್ನು ಹೇಳಿದಳು. ಪಲ್ಲವಿ ನೆಲದ ಮೇಲೆ ಹೊರಳಾಡಿ ನಕ್ಕಳು. ಕೊಟ್ರೇಶ ಮಾತ್ರ ಜಗಲಿಯ ಮುಂದೆ ನಿಂತು ಕೆನ್ನೆ ಕೆನ್ನೆ ಬಡಿದುಕೊಂಡ.

“ಶಿವನೇ! ಏಳು ತಿಂಗಳಿಂದ ಪಾತ್ರೆ ಕೆರೆಯೋ ಚಿಪ್ಪಿಗೆ ವಿಭೂತಿ ಹಚ್ಚೀನಲ್ಲ! ಕೆಳಗೆ ಇಳಿಸಿ ಎಲ್ಲಾದ್ರೂ ಇಡ್ರಪ್ಪ ಅದನ್ನ.”

“ಯಾಕೆ ಇಳಿಸ್ಬೇಕು?” ಎಂದಳು ನೇತ್ರಾವತಿ. “ಹೂವು ಇಡುವಾಗ ದಿನಾ ಯಾರು ನೆನಪಾಗ್ತಿದ್ರು ನಿಮಗೆ?”

“ಅವ್ವ.”

“ಮತ್ತೆ? ಸೇರಬೇಕಾದೋರಿಗೆ ಸೇರೈತೆ ಬಿಡ್ರಿ.”

ಕೊಟ್ರೇಶ ಸ್ವಲ್ಪ ಯೋಚಿಸಿ, ಇರಬಹುದು ಎಂಬಂತೆ ಮುಖ ಮಾಡಿದ. ತಗಾದೆ ತೆಗೆದವಳು ಅನುಸೂಯ. “ಎಲ್ಲಾ ಸರಿ. ಆದ್ರೆ ಹಿರೇರ ಎಡೆಗೆ ಸೀದದ್ದು ಇಡೋದಾ? ಯಾರ ಮನೇಲಾದ್ರೂ ಉಂಟಾ? ಮೊದಲನೇ ವರ್ಷದ ಎಡೆ ಬೇರೆ. ಅವ್ವ ಬದುಕಿದ್ದಾಗಲೂ ತಳದ್ದೇ ತಿಂದ್ಲು, ಸತ್ತ ಮ್ಯಾಲೂ ತಳದ್ದೇ ಹಾಕಿದ್ರು ಅಂತ ಜನ ಆಡ್ಕಣಲ್ವಾ?”

“ಹಂಗಾದ್ರೆ ಬಾಳೆಹಣ್ಣು ಇಡಾಣೇನಕ್ಕ?”

ಅನುಸೂಯ ಕರಿಗಡುಬಿನ ಡಬ್ಬಿ ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಒಪ್ಪಿದಳೆಂದಲ್ಲ.

ಮಾರನೆಯ ದಿನ ತಿಳಿಯಿತು, ಅಡುಗೆ ಕೆಡಿಸುವುದು ಎಷ್ಟು ಕಷ್ಟವೆಂದು. ನಾನ್‌ಸ್ಟಿಕ್ ಪಾತ್ರೆಯಲ್ಲಿ ಹುಗ್ಗಿಯನ್ನು ಎಷ್ಟು ಹೊತ್ತು ಬಿಟ್ಟರೂ ಅದು ಗಟ್ಟಿಯಾಗಿ ಉಂಡೆ ಕಟ್ಟಿ ಅತ್ತಿಂದಿತ್ತ ಜಾರಾಡಿತೇ ಹೊರತು ತಳಕ್ಕೆ ಅಂಟಲಿಲ್ಲ. ಬಾಗಿಲಲ್ಲಿ ನಿಂತಿದ್ದ ಕೊಟ್ರೇಶನಿಗೆ ವ್ಯಾಪಾರದ ಬುದ್ಧಿ ಬಿಡಲಿಲ್ಲ. “ನಾನು ಹೇಳಿರಲಿಲ್ವಾ? ಹಿಡಿಸ್ತೀನಿ ಅಂದ್ರೂ ಹಿಡಿಯಲ್ಲ!” ಎಂದ ಹೆಮ್ಮೆಯಿಂದ. ಹೆಂಡತಿ ತಿರುಗಿ ನೋಡಿದ ನೋಟಕ್ಕೆ ಮೆಲ್ಲಗೆ ಜಾಗ ಖಾಲಿ ಮಾಡಿದ. ಸ್ಟೀಲ್ ಪಾತ್ರೆಯಲ್ಲಿ ಮಾಡಿದರೆ ಇದ್ದಕ್ಕಿದ್ದಂತೆ 'ಚುರ್' ಎಂದು ಕರಿಕಲಾಯಿತು, ಅಡುಗೆಮನೆ ತುಂಬ ಹೊಗೆ. ಪಲ್ಲವಿ ಒಂದು ಚೂರು ಬಾಯಿಗಿಟ್ಟುಕೊಂಡು ಸಿಂಕಿನ ಕಡೆ ಓಡಿದಳು. ನೇತ್ರಾವತಿಗೆ ಅಳು ಬರುವಂತಾಯಿತು. ಹೊತ್ತು ಏರುತ್ತಿತ್ತು, ಎಡೆ ಇಡುವ ಸಮಯ ಹತ್ತಿರವಾಗುತ್ತಿತ್ತು, ಅತ್ತೆಯ ಎಲೆ ಇನ್ನೂ ಖಾಲಿ.

“ಅಟ್ಟದ ಮ್ಯಾಲೆ ಹಳೇ ತಪ್ಪಲೆ ಐತಲ್ಲ!” ಎಂದ ಕೊಟ್ರೇಶ ಹೊರಗಿನಿಂದಲೇ.

ದೀಪಾವಳಿಯ ಹಣತೆಗಳನ್ನು ತುಂಬಿಟ್ಟಿದ್ದ ಹಿತ್ತಾಳೆ ತಪ್ಪಲೆ ಕೆಳಗಿಳಿಯಿತು. ಹುಣಸೆಹಣ್ಣು ಹಾಕಿ ಉಜ್ಜಿದರು. ಒಳಗಿನ ಕಲಾಯಿ ಇನ್ನೂ ಗಟ್ಟಿಯಾಗಿತ್ತು. ಹಿತ್ತಿಲಲ್ಲಿ ಇಟ್ಟಿಗೆ ಜೋಡಿಸಿ ಒಲೆ ಹೂಡಿದರು. ಪಕ್ಕದ ಮನೆಯ ಚೈತ್ರಾ ಕಾಂಪೌಂಡಿನ ಮೇಲಿಂದ ಇಣುಕಿ, “ಗ್ಯಾಸ್ ಖಾಲಿ ಆತೇನ್ರಿ ಆಂಟಿ? ನಮ್ಮದೊಂದು ಸಿಲಿಂಡರ್ ಐತೆ,” ಎಂದಳು.

“ಬ್ಯಾಡಮ್ಮ, ಹುಗ್ಗಿ ಸೀಯಿಸ್ತಾ ಇದೀವಿ,” ಎಂದಳು ನೇತ್ರಾವತಿ. ಚೈತ್ರಾ ಮತ್ತೇನೂ ಕೇಳದೆ ತಲೆ ಒಳಗೆಳೆದುಕೊಂಡಳು.

ಅನುಸೂಯ ಇದೆಲ್ಲ ತನಗೆ ಸಂಬಂಧವಿಲ್ಲವೆಂಬಂತೆ ಒಳಗೆ ಎಲೆ ಒರೆಸುತ್ತ ಕೂತಿದ್ದಳು. ಹಿತ್ತಿಲಲ್ಲಿ ಬೆಲ್ಲ ಕರಗಿತು, ಗೋಧಿ ಕುದಿಯಿತು, ಏಲಕ್ಕಿ ಬಿತ್ತು. ಸ್ವಲ್ಪ ಹೊತ್ತಿಗೆ ತಳ ಹಿಡಿಯಲು ಶುರುವಾದ ಹುಗ್ಗಿಯ ವಾಸನೆ ಮನೆಯೊಳಗೆ ಬಂತು. ಅನುಸೂಯ ಕೈಯಲ್ಲಿದ್ದ ಎಲೆಯನ್ನು ಬಿಟ್ಟು ಎದ್ದು ನಿಂತವಳು ಹಿತ್ತಿಲಿಗೆ ಓಡಿ ಬಂದಳು.

“ಉರಿ ಎಳೀರಿ, ಉರಿ ಎಳೀರಿ! ಸೌದೆ ಹೊರಗೆ ತೆಗಿ. ಬರೀ ಕೆಂಡದ ಮ್ಯಾಲೆ ಬಿಡಬೇಕು. ಮುಚ್ಚಳ ಮುಚ್ಚು. ಅವ್ವ ಹಂಗೇ ಮಾಡ್ತಿದ್ಲು. ‘ಹುಗ್ಗಿ ಆತು, ನೀವೆಲ್ಲ ಉಣ್ಣೋಕೆ ಕುಂತ್ಕಳ್ರಿ’ ಅಂತ ನಮ್ಮನ್ನ ಒಳಗೆ ಅಟ್ಟೋಳು. ಆಮೇಲೆ ತಪ್ಪಲೇನ ಕೆಂಡದ ಮ್ಯಾಲೇ...” ಅನುಸೂಯಳ ಕೈ ಬಾಯಿಗೆ ಹೋಯಿತು. “ಅಯ್ಯೋ ಅವ್ವ! ಬೇಕಂತ್ಲೇ ಹಿಡಿಸ್ತಿದ್ಲು ಕಣ್ರೇ! ಮರೆತು ಬಿಟ್ಲು ಅಂತ ನಾವು ಅಂದ್ಕಂಡಿದ್ವಲ್ಲ!”

ನಾದಿನಿ ಅತ್ತಿಗೆಯರಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು. ಹೊಗೆಗೋ ನಗುವಿಗೋ ಇಬ್ಬರ ಕಣ್ಣಲ್ಲೂ ನೀರು. ಆಮೇಲೆ ಅನುಸೂಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆಯ ಮುಂದೆ ತಾನೇ ಕುಕ್ಕರಗಾಲಲ್ಲಿ ಕೂತಳು. ಇನ್ನು ಯಾರನ್ನೂ ಹತ್ತಿರ ಬಿಡಲಿಲ್ಲ.

ಮೇಲಿನ ಹುಗ್ಗಿಯನ್ನು ಬೇರೆ ಪಾತ್ರೆಗೆ ಬಗ್ಗಿಸಿದಾಗ ತಳದಲ್ಲಿ ಕೆಂಪಗೆ, ಒಂದೇ ಹದವಾಗಿ ಹಿಡಿದ ಸೀಕು ಕಂಡಿತು. ಎಲ್ಲೂ ಕರಿಯಾಗಿರಲಿಲ್ಲ. ಕೊಟ್ರೇಶ ಜಗಲಿಯಿಂದ ಚಿಪ್ಪನ್ನು ತಂದು, ತೊಳೆದು, ಹೆಂಡತಿಯ ಕೈಗೆ ಕೊಟ್ಟ. ನೇತ್ರಾವತಿ ತಪ್ಪಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೆರೆದಳು. ಕೆರ ಕೆರ ಎಂದು ಸದ್ದು. ಆ ಸದ್ದು ಮನೆಯಲ್ಲಿ ಕೇಳದೆ ಎಷ್ಟೋ ವರ್ಷವಾಗಿತ್ತು. ಚಿಪ್ಪಿನ ಸವೆದ ಅಂಚು ತಪ್ಪಲೆಯ ತಳಕ್ಕೆ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತಿತ್ತು. ಸೀಕು ಚಕ್ಕೆ ಚಕ್ಕೆಯಾಗಿ ಎದ್ದು ಬಂತು.

ಎಲ್ಲ ಎಲೆಗಳೂ ತುಂಬಿದವು. ಬೀಡಿ, ನಶ್ಯ, ಹೋಟೆಲಿನ ಚಹಾ. ಪುಟ್ಟಜ್ಜಿಗೆ ಬಾಳೆಹಣ್ಣು. ಹಾಲಮ್ಮನ ಎಲೆಯ ನಟ್ಟನಡುವೆ ಹುಗ್ಗಿಯ ಸೀಕು, ಪಕ್ಕದಲ್ಲಿ ಚಿಪ್ಪು. ನೇತ್ರಾವತಿ ಒಂದು ಚಕ್ಕೆಯನ್ನು ಮುರಿದು ಪುಟ್ಟಜ್ಜಿಯ ಎಲೆಗೂ ಇಟ್ಟಳು. ಧೂಪ ಹಾಕಿ, ಕೈ ಮುಗಿದು, ಹಿರಿಯರು ನಿಶ್ಚಿಂತೆಯಿಂದ ಉಣ್ಣಲೆಂದು ಬಾಗಿಲು ಎಳೆದುಕೊಂಡು ಎಲ್ಲರೂ ಪಡಸಾಲೆಗೆ ಬಂದು ಕೂತರು. ಒಳಗೆ ಇನ್ನು ಅತ್ತೆ ಬೆನ್ನು ತಿರುಗಿಸಿ ಕೂರಬೇಕಾಗಿಲ್ಲ ಎಂದುಕೊಂಡಳು ನೇತ್ರಾವತಿ.

ಆಗ ಪಲ್ಲವಿ ಕೇಳಿದಳು. “ಅಮ್ಮ, ನಿಂಗೇನಿಷ್ಟ?”

ನೇತ್ರಾವತಿ ಬಾಯಿ ತೆರೆಯುವ ಮೊದಲೇ ಕೊಟ್ರೇಶ ಹೇಳಿದ. “ನಿಮ್ಮಮ್ಮಂಗಾ? ಹೋಳಿಗೆ!”

“ನೇತ್ರಾಗೆ ನನ್ನ ಕರಿಗಡುಬು ಇಷ್ಟ,” ಎಂದಳು ಅನುಸೂಯ.

ನೇತ್ರಾವತಿ ಗಂಡನ ಮುಖ ನೋಡಿದಳು, ನಾದಿನಿಯ ಮುಖ ನೋಡಿದಳು. ಮುಚ್ಚಿದ ಬಾಗಿಲ ಆಚೆ ಪುಟ್ಟಜ್ಜಿಯ ಬಾಳೆಹಣ್ಣು ಕಣ್ಣಿಗೆ ಕಟ್ಟಿತು. ಸಾಲಿನಲ್ಲಿ ಮುಂದಿನ ಬಾಳೆಹಣ್ಣು ಯಾರದು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಾಯಿತು.

“ಮಂಡಕ್ಕಿ ಮೆಣಸಿನಕಾಯಿ,” ಎಂದಳು, ಸ್ಪಷ್ಟವಾಗಿ. “ಸಂತೆಪೇಟೆ ಸರ್ಕಲ್ಲಿನ ಗಾಡಿದು. ಮೆಣಸಿನಕಾಯಿ ಬಜ್ಜಿ ಬಾಣಲೆಯಿಂದ ತೆಗೆದ ತಕ್ಷಣ ತಿನ್ನಬೇಕು, ನಾಲಿಗೆ ಸುಡಬೇಕು. ನೀವು ಯಾವಾಗ ತಂದ್ರೂ ಎಲ್ಲರಿಗೂ ಹಂಚಿ ನನ್ನ ಕೈಗೆ ಬರೋ ಹೊತ್ತಿಗೆ ಅದು ತಣ್ಣಗಾಗಿ ಮೆತ್ತಗಾಗಿರ್ತೈತೆ.”

ಮೂವರೂ ಅವಳನ್ನೇ ನೋಡಿದರು. ಕೊಟ್ರೇಶ ಮದುವೆಯಾದ ಹೆಂಡತಿಯನ್ನು ಮೊದಲ ಸಲ ಕಂಡವನಂತೆ ನೋಡಿದ.

“ಬರ್ಕಂತೀನಿ ಅಮ್ಮ, ನಿನ್ನ ಎಡೆಗೆ ಅದೇ,” ಎಂದಳು ಪಲ್ಲವಿ ನಗುತ್ತ.

“ಎಡೆಗೆ ಇಟ್ಟು ಧೂಪ ಹಾಕೋ ಹೊತ್ತಿಗೆ ಮತ್ತೆ ತಣ್ಣಗಾಗ್ತೈತಲ್ಲೇ! ಅಲ್ಲೀಗಂಟ ಯಾರು ಕಾಯ್ತಾರೆ? ಇವತ್ತು ಸಂಜೆನೇ ಬೇಕು ನಂಗೆ.”

ಸಂಜೆ ನಾಲ್ವರೂ ಸಂತೆಪೇಟೆಗೆ ಹೊರಟರು. ಗಾಡಿಯವನು ಬಾಣಲೆಯಿಂದ ಮೊದಲ ಸುತ್ತು ತೆಗೆದು ಕಾಗದದ ಮೇಲೆ ಹಾಕಿ ಕೊಟ್ಟದ್ದನ್ನು ಕೊಟ್ರೇಶ ಅಭ್ಯಾಸಬಲದಿಂದ ತನ್ನ ಬಾಯಿಯ ಹತ್ತಿರ ಒಯ್ದವನು, ಅಲ್ಲೇ ತಡೆದು ಹೆಂಡತಿಯ ಮುಂದೆ ಹಿಡಿದ. ನೇತ್ರಾವತಿ ಯಾರಿಗೆ ಸಿಕ್ಕಿತು, ಯಾರಿಗಿಲ್ಲ ಎಂದು ಸುತ್ತಲೂ ನೋಡಲಿಲ್ಲ. ಎಲ್ಲರಿಗಿಂತ ಮೊದಲು, ಬೀದಿಗೆ ಬೆನ್ನು ತಿರುಗಿಸದೆ, ನಾಲಿಗೆ ಸುಟ್ಟುಕೊಂಡು ತಿಂದಳು.